ಹಿಡಿದು ಬಿಟ್ಟವರ ಲೆಕ್ಕದ ಪುಸ್ತಕ

ಕನಕಪುರದಿಂದ ಸಂಗಮದ ದಾರಿ ಹಿಡಿಯುವ ಹೆಚ್ಚಿನವರಿಗೆ ಮೇಕೆದಾಟು ಕಂಡರೆ ಸಾಕು. ಅಲ್ಲೇ ಸಮೀಪದ, ಕಾವೇರಿ ದಡದ ಗಾಳಿಬೋರೆಗೆ ಮಾತ್ರ ಇಂಗ್ಲೆಂಡಿನಿಂದ ಜನ ಬರುತ್ತಿದ್ದರು, ಒಂದು ಮೀನಿಗಾಗಿ. ಹೊಳೆ ಕಡೆಯವರು ಬಿಳಿಮೀನು ಎನ್ನುವ ಮಹಶೀರ್ ಅದು. ಮೈಸೂರಿನ ವಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು.

ಬ್ರಿಟಿಷರು ಹೋದ ಮೇಲೆ ಈ ಮೀನಿಗೆ ಗಾಳ ಹಾಕುವ ಹವ್ಯಾಸ ಮಂಕಾಯಿತು. 1972ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತ ವನ್ಯಜೀವಿ ಸಂಘ ಹುಟ್ಟಿ, ಕಾವೇರಿಯ ಒಂದಿಷ್ಟು ದೂರವನ್ನು ಗುತ್ತಿಗೆ ಪಡೆಯಿತು. 1977ರಲ್ಲಿ ಮೂವರು ಇಂಗ್ಲಿಷ್ ತರುಣರು ಮಹಶೀರ್ ಹುಡುಕಿಕೊಂಡು ಬಂದರು. ಅವರ ಸುದ್ದಿ ಹರಡಿದಂತೆ ಉಳಿದವರೂ ಬಂದರು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನ ಶಿಬಿರಗಳು ಎದ್ದವು. ವಿಲಾಯತಿಯ ಹೊಳೆಗಳಲ್ಲಿ ಪುಕ್ಕದಿಂದ ಹುಳುವಿನ ಸೋಗು ಕಟ್ಟಿ ಮೀನು ಕರೆಯುತ್ತಾರೆ. ಇಲ್ಲಿ ಆ ನಾಜೂಕು ನಡೆಯಲಿಲ್ಲ, ಗಾಳಕ್ಕೆ ರಾಗಿ ಹಿಟ್ಟಿನ ಉಂಡೆಯೇ ಬೇಕಾಯಿತು. ರಾಗಿ ಮುದ್ದೆಯ ಸೀಮೆಯಲ್ಲವೇ!

ದುಡ್ಡು ಕೊಟ್ಟು ಹಿಡಿದ ಮೀನನ್ನು ತೂಗಿ, ಮತ್ತೆ ನೀರಿಗೇ ಬಿಡುವುದು. ನೋಡಿದವರಿಗೆ ಹುಚ್ಚಾಟ ಅನಿಸಿದರೆ ತಪ್ಪಿಲ್ಲ. ಆದರೆ ಆ ದುಡ್ಡಿನಲ್ಲಿ ಊರಿನವರಿಗೆ ಕೂಲಿ ಸಿಕ್ಕಿತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ ತೆಪ್ಪ ನಡೆಸಿದರು, ಮಡುವು ತೋರಿಸಿದರು. ಸಿಡಿಮದ್ದು ಎಸೆಯುವವರ ಮೇಲೆ ಕಣ್ಣಿಟ್ಟರು.

ಅದಕ್ಕಿಂತ ದೊಡ್ಡ ಉಪಕಾರ ಯಾರೂ ಎಣಿಸದ ಕಡೆಯಿಂದ ಬಂತು. ಗಾಳಿಬೋರೆಯಲ್ಲಿ ಹಿಡಿದ ಮೀನಿನ ಲೆಕ್ಕ ಬರೆದಿಡುತ್ತಿದ್ದರು: 1998ರಿಂದ 2012ರವರೆಗೆ 23,620 ಗಂಟೆ ಗಾಳ, 6,161 ಮಹಶೀರ್. ವಿಜ್ಞಾನಿಗಳು ಅದನ್ನು ಬಿಡಿಸಿ ನೋಡಿದರೆ ಮೀನಿನ ಸಂಖ್ಯೆ ಏರಿತ್ತು. ಆದರೆ ಸಂತೋಷಪಡುವಂತಿರಲಿಲ್ಲ. ಏರಿದ್ದು ನೀಲಿ ರೆಕ್ಕೆಯ ಮಹಶೀರ್. ಲೋನಾವಳದಲ್ಲಿ ಟಾಟಾದವರು ಬೆಳೆಸಿದ ಆ ಜಾತಿಯ ಮರಿಗಳನ್ನು ಒಳ್ಳೆಯದಾಗಲೆಂದೇ ಕಾವೇರಿಗೆ ಬಿಟ್ಟಿದ್ದರು. ಕಾವೇರಿ ಕೊಳ್ಳದ ಸ್ವಂತದ್ದಾದ, ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಶೀರ್ ಹೆಚ್ಚುಕಡಿಮೆ ಕಾಣೆಯಾಗಿತ್ತು. 2018ರಲ್ಲಿ ಅದು ಟೋರ್ ರೇಮಾದೇವಿ ಎಂಬ ಜಾತಿಯೆಂದು ಖಚಿತವಾಯಿತು. ಹೆಸರು ಸಿಕ್ಕ ವರ್ಷವೇ ಅಳಿವಿನ ಅಂಚಿನ ಪಟ್ಟಿಯನ್ನೂ ಸೇರಿತು.

ಅಷ್ಟರಲ್ಲಿ ಲೆಕ್ಕದ ಪುಸ್ತಕ ಮುಚ್ಚಿತ್ತು. ಹೊಳೆಯ ಈ ಭಾಗ ಅಭಯಾರಣ್ಯದೊಳಗಿದೆ; ಅಲ್ಲಿ ಗಾಳ ಹಾಕುವುದೂ ಬೇಟೆಯೇ ಎಂದಾಗಿ, 2012ರ ಹೊತ್ತಿಗೆ ಶಿಬಿರಗಳ ಗಾಳ ನಿಂತಿತು. ಕಾನೂನಿನ ಮಾತು ಸರಿಯಿರಬಹುದು, ಆದರೆ ಹೊಳೆಗೆ ದಕ್ಕಿದ್ದ ಕಾವಲೂ ಅದರೊಟ್ಟಿಗೆ ಹೋಯಿತು. ಗಾಳ ಮತ್ತೆ ಬರಲಿ ಎನ್ನುವುದಿಲ್ಲ. ಅದೇ ಊರಿನವರಿಗೆ ಕೂಲಿ ಕೊಟ್ಟು ಹೊಳೆ ಕಾಯಿಸಬೇಕು, ಮೀನಿನ ಲೆಕ್ಕ ಬರೆಸಬೇಕು. ಪುಣ್ಯಕ್ಕೆಂದು ನದಿಗೆ ಮರಿ ಬಿಡುವವರು ಮೊದಲು ಅದು ಯಾವ ನದಿಯ ಮೀನು ಎಂದು ಕೇಳಿ ತಿಳಿದುಕೊಳ್ಳಲಿ.