ರೊನಾಲ್ಡೊ ಅವರ ಬಲಮಂಡಿ

2000ದ ಏಪ್ರಿಲ್ 12ರ ರಾತ್ರಿ, ರೋಮ್ ನಗರದ ಒಲಿಂಪಿಕ್ ಕ್ರೀಡಾಂಗಣ. ಇಟಲಿಯ ಕಪ್ ಫೈನಲ್‌ನ ಮೊದಲ ಪಂದ್ಯದಲ್ಲಿ ಲಾಜಿಯೊ ಮತ್ತು ಇಂಟರ್ ಮಿಲಾನ್ ಎದುರುಬದುರು. ದ್ವಿತೀಯಾರ್ಧದಲ್ಲಿ ಇಂಟರ್ ಬೆಂಚಿನಿಂದ ರೊನಾಲ್ಡೊ ಎದ್ದು ಬಂದರು. ಈಗಿನ ಹುಡುಗರಿಗೆ ಆ ಹೆಸರು ಕೇಳಿದರೆ ಪೋರ್ಚುಗಲ್‌ನವರು ನೆನಪಾಗುತ್ತಾರೆ. ನಾನು ಹೇಳುತ್ತಿರುವುದು ಅವರಿಗಿಂತ ಮೊದಲಿನ, ಬ್ರೆಜಿಲ್‌ನ ರೊನಾಲ್ಡೊ ಬಗ್ಗೆ. ಬಲಮಂಡಿಯ ಶಸ್ತ್ರಚಿಕಿತ್ಸೆಯಾಗಿ ಇನ್ನೂ ಐದು ತಿಂಗಳು ತುಂಬಿರಲಿಲ್ಲ. ಏಳೆಂಟು ನಿಮಿಷ ಆಡಿದ್ದರೋ ಇಲ್ಲವೋ, ಚೆಂಡು ಸಿಕ್ಕಿತು. ಲಾಜಿಯೊ ಗೋಲಿನತ್ತ ನುಗ್ಗಿದರು, ಚೆಂಡಿನ ಮೇಲೆ ಕಾಲಾಡಿಸಿ ಎದುರಿಗಿದ್ದವನನ್ನು ಏಮಾರಿಸಲು ಹೋದರು. ಬಲಗಾಲು ಊರಿದ್ದೇ ತಡ, ಮಂಡಿ ಕುಸಿಯಿತು. ಯಾರೂ ಅವರನ್ನು ಮುಟ್ಟಿರಲಿಲ್ಲ. ನೆಲಕ್ಕೆ ಬಿದ್ದು ಮಂಡಿ ಹಿಡಿದುಕೊಂಡು ಅವರು ಕೂಗಿದ ಆ ದೃಶ್ಯವನ್ನು ಈಗಲೂ ನೆಟ್ಟಗೆ ನೋಡಲಾಗುವುದಿಲ್ಲ.

ಆದರೂ ನಾನು ಅದನ್ನು ನನ್ನ ಹುಡುಗರಿಗೆ ತೋರಿಸುತ್ತೇನೆ. ನಾನು ಫಿಸಿಯೊಥೆರಪಿಸ್ಟ್, ಕೆಲಸ ಬೆಂಗಳೂರಿನ ಹಲಸೂರು ಕಡೆ. ಪಕ್ಕದ ಗೌತಮಪುರದಲ್ಲಿ ಪೆಲೆ ಅವರ ಪ್ರತಿಮೆಯೇ ನಿಂತಿದೆ ಎಂದರೆ ಇಲ್ಲಿಯ ಫುಟ್‌ಬಾಲ್ ಹುಚ್ಚು ಎಂಥದ್ದೆಂದು ತಿಳಿಯುತ್ತದೆ. ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳಿಂದ, ಜಿಲ್ಲಾ ಲೀಗ್‌ನ ತಂಡಗಳಿಂದ ಮಂಡಿ ಕಟ್ಟಿಕೊಂಡು ಬರುವ ಹುಡುಗ ಹುಡುಗಿಯರೇ ನನಗೆ ಹೆಚ್ಚು. ಬಂದವರೆಲ್ಲರ ಬಾಯಲ್ಲಿ ಮೊದಲು ಬರುವುದು ಒಂದೇ ಪ್ರಶ್ನೆ: "ಮೇಡಂ, ಎಷ್ಟು ತಿಂಗಳು?"

ತಿಂಗಳ ಲೆಕ್ಕದಲ್ಲಿ ಉತ್ತರ ಕೊಡುವುದು ಸುಲಭ. ಆ ಲೆಕ್ಕವನ್ನಷ್ಟೇ ನಂಬಿದರೆ ಏನಾಗುತ್ತದೆ ಎಂಬುದನ್ನೇ ಈ ಬರಹದಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಮಂಡಿಯೊಳಗೆ ಏನಿದೆ ಎಂದು ನೋಡೋಣ. ತೊಡೆಯ ಮುಂಭಾಗದ ದಪ್ಪ ಸ್ನಾಯು ಕೆಳಗೆ ಬಂದು ಮಂಡಿಚಿಪ್ಪನ್ನು ಹಿಡಿದುಕೊಳ್ಳುತ್ತದೆ. ಚಿಪ್ಪಿನಿಂದ ಕೆಳಗಿನ ಮೂಳೆಗೆ ಒಂದು ಗಟ್ಟಿಯಾದ ಪಟ್ಟಿ ಹೋಗುತ್ತದೆ, ಅದಕ್ಕೆ ಪಟೆಲ್ಲರ್ ಟೆಂಡನ್ ಎನ್ನುತ್ತಾರೆ. ಒದೆಯುವಾಗ, ಜಿಗಿಯುವಾಗ, ಓಟದ ನಡುವೆ ಗಕ್ಕನೆ ನಿಲ್ಲುವಾಗ ತೊಡೆಯ ಬಲವೆಲ್ಲ ಆ ಪಟ್ಟಿಯ ಮೂಲಕವೇ ಹಾಯಬೇಕು. ರೊನಾಲ್ಡೊ ಅವರಿಗೆ ಆಗಿದ್ದು ಇದೇ ಪಟ್ಟಿಯ ಗಾಯ. 1999ರ ನವೆಂಬರ್‌ನಲ್ಲಿ ಲೆಚೆ ತಂಡದ ಎದುರು ಆಡುವಾಗ ಅದು ಭಾಗಶಃ ಹರಿದಿತ್ತು, ರೋಮ್‌ನಲ್ಲಿ ಪೂರ್ತಿ ಹರಿಯಿತು.

ನಮ್ಮಲ್ಲಿ ಹೆಚ್ಚು ಕೇಳಿಬರುವುದು ಇನ್ನೊಂದು ಗಾಯ, ಎಸಿಎಲ್. ಅದು ಮಂಡಿಯ ಒಳಗಡೆ, ತೊಡೆಮೂಳೆಯಿಂದ ಕೆಳಮೂಳೆಗೆ ಓರೆಯಾಗಿ ಹಾಯುವ ಲಿಗಮೆಂಟ್. ಕೆಳಮೂಳೆ ಮುಂದಕ್ಕೆ ಜಾರದಂತೆ, ಅಳತೆ ಮೀರಿ ತಿರುಚದಂತೆ ಅದು ತಡೆಯುತ್ತದೆ. ಇದು ಹರಿಯಲು ಯಾರೋ ಬಂದು ಗುದ್ದಲೇಬೇಕು ಎಂದು ಬಹಳ ಜನ ತಿಳಿದಿದ್ದಾರೆ. ವೃತ್ತಿಪರ ಫುಟ್‌ಬಾಲ್‌ನಲ್ಲಿ ಇದರ ಬಹುಪಾಲು ಗಾಯಗಳು ಮಂಡಿಗೆ ಯಾರ ನೇರ ಹೊಡೆತವೂ ಬೀಳದೆಯೇ ಆಗುತ್ತವೆ. ಎದುರಾಳಿಯನ್ನು ಅಡ್ಡಗಟ್ಟಲು ಓಡಿ ಹೋಗಿ ದಿಕ್ಕು ಬದಲಿಸುವಾಗಲೋ ಜಿಗಿದು ಒಂಟಿಕಾಲಲ್ಲಿ ಇಳಿಯುವಾಗಲೋ ಪಾದ ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಮಂಡಿ ಒಳಕ್ಕೆ ಬಾಗುತ್ತದೆ. ಒಳಗೆ 'ಟಪ್' ಎಂದು ಸದ್ದಾಯಿತು ಎಂದು ಹುಡುಗರು ಹೇಳುತ್ತಾರೆ. ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಳ್ಳುತ್ತದೆ.

ಪೂರ್ತಿ ಹರಿದ ಎಸಿಎಲ್‌ನ ತುದಿಗಳನ್ನು ಸುಮ್ಮನೆ ಹೊಲಿದುಬಿಟ್ಟರೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅದಕ್ಕೆ ಆಟಗಾರನ ಮೈಯಿಂದಲೇ ಬೇರೊಂದು ಟೆಂಡನ್‌ನ ಭಾಗವನ್ನು ತೆಗೆದು, ಎರಡೂ ಮೂಳೆಗಳಲ್ಲಿ ಸುರಂಗ ಕೊರೆದು, ಅದನ್ನು ಒಳಗೆ ಕೂರಿಸುತ್ತಾರೆ. ಮಂಡಿಚಿಪ್ಪಿನ ಕೆಳಗಿನ ಪಟ್ಟಿಯಿಂದಲೋ ತೊಡೆಯ ಹಿಂಭಾಗದಿಂದಲೋ ತೆಗೆಯುವುದು ರೂಢಿ. ಇನ್ನು ಮುಂದಿನದನ್ನು ನಾನು ಪ್ರತಿಯೊಬ್ಬರಿಗೂ, ಅವರ ಅಪ್ಪ ಅಮ್ಮನಿಗೂ ಕೂರಿಸಿಕೊಂಡು ಹೇಳುತ್ತೇನೆ. ಹೊಸ ಜಾಗಕ್ಕೆ ಬಂದ ಆ ಟೆಂಡನ್‌ಗೆ ತನ್ನ ಹಳೆಯ ರಕ್ತಸಂಚಾರ ಇರುವುದಿಲ್ಲ. ಅದರ ಎಷ್ಟೋ ಜೀವಕೋಶಗಳು ಸಾಯುತ್ತವೆ. ಆಮೇಲೆ ಸುತ್ತಲಿಂದ ಹೊಸ ರಕ್ತನಾಳಗಳು ನುಸುಳಿ ಬರುತ್ತವೆ, ಹೊಸ ಕೋಶಗಳು ನೆಲೆಯೂರುತ್ತವೆ, ನಾರುಗಳು ಮತ್ತೆ ಸಾಲುಗೂಡುತ್ತವೆ. ಇದೆಲ್ಲ ಮುಗಿಯಲು ಒಂದು ವರ್ಷ ಸಾಲದು. ಅಂದರೆ ಶಸ್ತ್ರಚಿಕಿತ್ಸೆ ಆದ ದಿನ ಕೂರಿಸಿದ್ದಕ್ಕಿಂತ ಕೆಲವು ತಿಂಗಳ ನಂತರದ ಲಿಗಮೆಂಟ್ ದುರ್ಬಲವಾಗಿರುತ್ತದೆ.

ಆದರೆ ಹುಡುಗನಿಗೆ ಅನ್ನಿಸುವುದು ಅದಕ್ಕೆ ತೀರ ವಿರುದ್ಧ. ಮೂರು ನಾಲ್ಕು ತಿಂಗಳಾಗುವ ಹೊತ್ತಿಗೆ ಊತ ಇಳಿದಿರುತ್ತದೆ, ನೋವು ಮರೆತುಹೋಗಿರುತ್ತದೆ.

"ನೋವೇ ಇಲ್ಲ ಮೇಡಂ. ಮೆಟ್ಟಿಲು ಹತ್ತುತ್ತೀನಿ, ಬೈಕ್ ಓಡಿಸ್ತೀನಿ. ಭಾನುವಾರ ಅರ್ಧ ಗಂಟೆ ಆಡ್ಲಾ?"

"ಬೇಡ ಕಣಪ್ಪ. ಬಾ ಇಲ್ಲಿ, ಒಂಟಿಕಾಲಲ್ಲಿ ಜಿಗಿದು ತೋರಿಸು."

ಕುಂಟೆಬಿಲ್ಲೆ ಆಡುವಾಗಿನಂತೆ ಒಂದೇ ಕಾಲಲ್ಲಿ ಮುಂದಕ್ಕೆ ಜಿಗಿದು, ಅದೇ ಕಾಲಲ್ಲಿ ಅಲುಗದೆ ನಿಲ್ಲಬೇಕು. ಒಳ್ಳೆಯ ಕಾಲು ಎಷ್ಟು ದೂರ ಹೋಯಿತು, ಗಾಯದ ಕಾಲು ಎಷ್ಟು ದೂರ ಹೋಯಿತು ಎಂದು ಟೇಪ್ ಹಿಡಿದು ಅಳೆಯುತ್ತೇನೆ. ತೊಡೆಯ ಬಲವನ್ನು ಯಂತ್ರದಲ್ಲಿ ಅಳೆಸುತ್ತೇನೆ. ಗಾಯದ ಕಾಲು ಇನ್ನೊಂದರ ಶೇ. 90ರಷ್ಟಾದರೂ ಮುಟ್ಟಬೇಕು ಎಂಬುದು ಎಲ್ಲೆಡೆ ಬಳಕೆಯಲ್ಲಿರುವ ಅಳತೆ. ನೋವಿಲ್ಲ ಎಂದು ಬಂದವನು ಜಿಗಿಯಲು ಹೋಗಿ ಗೋಡೆ ಹಿಡಿದುಕೊಂಡಾಗ ಅವನ ಮುಖ ನೋಡಬೇಕು. ನನಗೂ ಸಂಕಟವಾಗುತ್ತದೆ, ಆದರೆ ನನ್ನ ಮಾತಿಗಿಂತ ಆ ಜಿಗಿತವನ್ನೇ ಅವನು ಹೆಚ್ಚು ನಂಬುತ್ತಾನೆ.

ತೊಡೆ ಏಕೆ ಇಷ್ಟು ಸೊರಗುತ್ತದೆ? ಮಂಡಿಯಲ್ಲಿ ನೀರು ತುಂಬಿದರೆ ನರಮಂಡಲವು ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ಆಜ್ಞೆಯನ್ನೇ ತಗ್ಗಿಸಿಬಿಡುತ್ತದೆ. ಮನಸ್ಸು ಮಾಡಿದರೂ ಸ್ನಾಯು ಬಿಗಿಯುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ವ್ಯಾಯಾಮ ನೋಡಲು ಏನೂ ಅಲ್ಲ: ಮಂಡಿಯ ಕೆಳಗೆ ಟವೆಲ್ ಸುತ್ತಿ ಇಟ್ಟು, ಕೆಳಕ್ಕೆ ಒತ್ತುವುದು. ತೊಂಬತ್ತು ನಿಮಿಷ ಓಡಿ ಆಡುತ್ತಿದ್ದ ಹುಡುಗ ಆ ಟವೆಲ್ ಒತ್ತಲಾಗದೆ ಬೆವರುತ್ತಾನೆ. ಅತ್ತವರೂ ಇದ್ದಾರೆ. ಕಾಲು ಪೂರ್ತಿ ನೀಡಲು ಬರಬೇಕು, ಊತ ಇಳಿಯಬೇಕು, ಆಮೇಲೆ ಭಾರ, ಆಮೇಲೆ ನೇರ ಓಟ, ಕೊನೆಗೆ ತಿರುವು. ಒಂದು ಹೆಜ್ಜೆ ಹಾರಿಸಿದರೆ ಮುಂದಿನದು ಕೈಕೊಡುತ್ತದೆ.

ಈ ಹಟ ನನ್ನೊಬ್ಬಳದಲ್ಲ. ಅಮೆರಿಕದ ಡೆಲವೇರ್ ಮತ್ತು ನಾರ್ವೆಯ ಓಸ್ಲೊದ ಸಂಶೋಧಕರು ಎಸಿಎಲ್ ಶಸ್ತ್ರಚಿಕಿತ್ಸೆಯಾದ 106 ಜನರನ್ನು ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ಮೇಜಿನ ಮೇಲೇ ಇದೆ. ಆಟಕ್ಕೆ ಮರಳುವುದನ್ನು ಒಂಬತ್ತು ತಿಂಗಳವರೆಗೆ ಮುಂದೂಡಿದ ಪ್ರತಿ ತಿಂಗಳಿಗೂ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯಿತು. ಬಲದ, ಜಿಗಿತದ ಪರೀಕ್ಷೆಗಳಲ್ಲಿ ತೇರ್ಗಡೆಯಾಗದೆ ಆಡಿದವರಲ್ಲಿ ಶೇ. 38ರಷ್ಟು ಜನ ಮತ್ತೆ ಮಂಡಿ ಕೆಡಿಸಿಕೊಂಡರು. ತೇರ್ಗಡೆಯಾದವರಲ್ಲಿ ಅದು ಶೇ. 6ಕ್ಕಿಂತ ಕಡಿಮೆ. ಒಂಬತ್ತು ತಿಂಗಳು ಕಾಯುವುದೂ ಬೇಕು, ಪರೀಕ್ಷೆಯೂ ಬೇಕು. ಕಾಯ್ದುಬಿಟ್ಟೆ, ಇನ್ನೇನು ಎಂದು ತೊಡೆ ಬೆಳೆಸದೆ ಬರುವವರೂ ನನ್ನ ಬಳಿ ಇದ್ದಾರೆ.

ಇನ್ನೊಂದು ಲೆಕ್ಕವಿದೆ, ಅದನ್ನು ಹೇಳುವಾಗ ನನ್ನ ದನಿ ತಗ್ಗುತ್ತದೆ. ಯುರೋಪಿನ ದೊಡ್ಡ ಕ್ಲಬ್‌ಗಳ ಪುರುಷ ಆಟಗಾರರನ್ನು 15 ವರ್ಷ ಗಮನಿಸಿದ ಅಧ್ಯಯನದ ಪ್ರಕಾರ ಎಸಿಎಲ್ ಹರಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಮೈದಾನಕ್ಕೆ ಮರಳಿದರು. ಆದರೆ ಮೂರು ವರ್ಷದ ನಂತರವೂ ಅದೇ ಎತ್ತರದ ಮಟ್ಟದಲ್ಲಿ ಆಡುತ್ತಿದ್ದವರು ಶೇ. 65 ಮಾತ್ರ. ಅತ್ಯುತ್ತಮ ವೈದ್ಯರು, ಯಂತ್ರಗಳು, ಸಂಬಳ ಎಲ್ಲ ಇದ್ದವರ ಕಥೆ ಇದು.

ಬುದ್ಧಿವಂತ ಹುಡುಗರು ವಾದ ಹೂಡಲು ಇಟಲಿಯ ಆಟಗಾರ ರೊಬೆರ್ಟೊ ಬಾಜಿಯೊ ಅವರ ಹೆಸರು ಹುಡುಕಿ ತರುತ್ತಾರೆ. 2002ರಲ್ಲಿ, 35ರ ಹೊಸ್ತಿಲಲ್ಲಿ ಎಡಮಂಡಿಯ ಲಿಗಮೆಂಟ್ ಹರಿದುಕೊಂಡ ಬಾಜಿಯೊ ಮೂರು ತಿಂಗಳೊಳಗೆ ಬ್ರೆಷಾ ತಂಡಕ್ಕೆ ಮರಳಿ ಫಿಯೊರೆಂಟಿನಾ ಎದುರು ಎರಡು ಗೋಲು ಹೊಡೆದರು. ನಿಜ. ಅವರ ಕಣ್ಣು ವಿಶ್ವಕಪ್ಪಿನ ಮೇಲಿತ್ತು, ಆದರೂ ಇಟಲಿ ತಂಡಕ್ಕೆ ಆಯ್ಕೆಯಾಗಲಿಲ್ಲ. ಹದಿನೆಂಟರ ಹರೆಯದಲ್ಲಿ, 1985ರಲ್ಲಿ ನಜ್ಜುಗುಜ್ಜಾದ ಬಲಮಂಡಿಯ ನೋವನ್ನು ಹೊತ್ತೇ ಅವರು ವೃತ್ತಿಜೀವನ ಸವೆಸಿದವರು ಎಂಬುದನ್ನು ಹುಡುಗರು ಹೇಳುವುದಿಲ್ಲ, ನಾನು ಸೇರಿಸುತ್ತೇನೆ. ಅವರೊಬ್ಬರು ಗೆದ್ದರೆಂದು ಇನ್ನೊಬ್ಬರ ಮಂಡಿಯನ್ನು ಪಣಕ್ಕಿಡಲು ನನಗೆ ಮನಸ್ಸು ಬಾರದು.

ರೊನಾಲ್ಡೊ ಅವರ ಎರಡನೆಯ ವಾಪಸಾತಿ ನನಗೆ ಇಷ್ಟವಾಗುವುದು ಅದು ನಿಧಾನವಾಗಿ ನಡೆದದ್ದಕ್ಕೆ. ಪ್ಯಾರಿಸ್‌ನ ವೈದ್ಯ ಜೆರಾರ್ ಸಯ್ಯಾಂ ಮತ್ತೆ ಶಸ್ತ್ರಚಿಕಿತ್ಸೆ ಮಾಡಿದರು. ಬ್ರೆಜಿಲ್‌ನ ಫಿಸಿಯೊ ನಿಲ್ಟನ್ ಪೆಟ್ರೋನೆ ಜೊತೆಗೆ ನಿಂತರು. ವೈದ್ಯರ ಹೆಸರು ಎಲ್ಲ ಕಡೆ ಬರುತ್ತದೆ, ಪೆಟ್ರೋನೆ ಅವರ ಹೆಸರು ಅಪರೂಪ. ನನ್ನ ಕಸುಬಿನವರಾದ್ದರಿಂದ ನಾನು ಬಿಡದೆ ಹೇಳುತ್ತೇನೆ. 2000-01ರ ಇಡೀ ಋತುವಿನಲ್ಲಿ ರೊನಾಲ್ಡೊ ಒಂದು ಪಂದ್ಯವನ್ನೂ ಆಡಲಿಲ್ಲ. ಅಷ್ಟು ಹೊತ್ತಿಗೆ ಅವರ ಕಥೆ ಮುಗಿಯಿತು ಎಂದೇ ಬಹಳ ಜನ ತೀರ್ಮಾನಿಸಿದ್ದರು. 2001ರ ಕೊನೆಗೆ ಮೈದಾನಕ್ಕೆ ಬಂದಾಗಲೂ ಸಲೀಸಾಗಿರಲಿಲ್ಲ. ತೊಡೆಯ ಸ್ನಾಯುಗಳು ಮತ್ತೆ ಮತ್ತೆ ತೊಂದರೆ ಕೊಟ್ಟವು. ಅಷ್ಟು ಕಾಲ ಓಡದ ಮೈಗೆ ಇದು ಸಹಜ. ಮಂಡಿ ಸರಿಹೋದಮೇಲೆ ಬೇರೆ ಕಡೆ ಎಳೆತ ಕಾಣಿಸಿಕೊಂಡರೆ ನನ್ನ ಹುಡುಗರು ಕಂಗಾಲಾಗುತ್ತಾರೆ. ಅವರಿಗೆ ರೊನಾಲ್ಡೊ ಅವರ ಆ ಚಳಿಗಾಲದ ಕಥೆ ಹೇಳುತ್ತೇನೆ. 2002ರ ಮೇ 5ರಂದು ಅದೇ ರೋಮ್ ಕ್ರೀಡಾಂಗಣದಲ್ಲಿ, ಅದೇ ಲಾಜಿಯೊ ಎದುರು ಇಂಟರ್ 4-2ರಿಂದ ಸೋತು ಲೀಗ್ ಪ್ರಶಸ್ತಿ ಕಳೆದುಕೊಂಡಿತು. ರೊನಾಲ್ಡೊ ಬೆಂಚಿನ ಮೇಲೆ ಕೂತು ಅತ್ತರು.

ಆದರೂ ಬ್ರೆಜಿಲ್ ಕೋಚ್ ಸ್ಕೊಲಾರಿ ಈ ರೊನಾಲ್ಡೊ ಅವರನ್ನೇ ವಿಶ್ವಕಪ್ಪಿಗೆ ಕರೆದೊಯ್ದರು, ರೊಮಾರಿಯೊ ಅವರನ್ನು ಬಿಟ್ಟರು. ಜಪಾನ್ ಮತ್ತು ಕೊರಿಯಾದಲ್ಲಿ ಏಳು ಪಂದ್ಯ, ಎಂಟು ಗೋಲು. ಜೂನ್ 30ರಂದು ಯೊಕೊಹಾಮಾದ ಫೈನಲ್‌ನಲ್ಲಿ ಜರ್ಮನಿ ಎದುರಿನ ಎರಡೂ ಗೋಲು ಅವರವೇ. ಆ ಪಂದ್ಯಗಳನ್ನು ಗಮನವಿಟ್ಟು ನೋಡಿದರೆ ಆಟ ಬದಲಾಗಿದ್ದು ಕಾಣುತ್ತದೆ. 1996ರಲ್ಲಿ ಬಾರ್ಸಿಲೋನಾ ಪರ ಕಂಪೊಸ್ಟೆಲಾ ಎದುರು ತನ್ನರ್ಧದಿಂದ ಚೆಂಡು ಹಿಡಿದು, ಅಂಗಿ ಹಿಡಿದು ಎಳೆದವರನ್ನೂ ಕೊಡವಿಕೊಂಡು ಗೋಲಿನವರೆಗೆ ಓಡಿದ್ದ ರೊನಾಲ್ಡೊ ಈಗ ಗೋಲಿಗೆ ಹತ್ತಿರ ನಿಂತು ಕಾಯುತ್ತಾರೆ. ಓಟ ಚಿಕ್ಕದಾಗಿದೆ. ಫೈನಲ್‌ನ ಮೊದಲ ಗೋಲು ಜರ್ಮನಿಯ ಗೋಲ್‌ಕೀಪರ್ ಕಾನ್ ಅವರ ಕೈಯಿಂದ ಜಾರಿದ ಚೆಂಡಿನದು. ಜೊತೆ ಆಟಗಾರ ರಿವಾಲ್ಡೊ ಒದ್ದಾಗಲೇ ರೊನಾಲ್ಡೊ ಗೋಲಿನತ್ತ ಓಡಿ ಬಂದಿದ್ದರು. ಮೊದಲಿನ ವೇಗ ಪೂರ್ತಿ ಬರದಿದ್ದರೂ ಅಲ್ಲಿಗೆ ಯಾವಾಗ ಹೋಗಬೇಕು ಎಂಬ ಬುದ್ಧಿ ಇನ್ನಷ್ಟು ಹರಿತವಾಗಿತ್ತು. ಇದು ನನ್ನ ಕಣ್ಣಿಗೆ ಕಂಡದ್ದು, ಬೇರೆಯವರು ಬೇರೆ ಹೇಳಬಹುದು.

ಹೆಣ್ಣುಮಕ್ಕಳ ಮಾತು ಬೇರೆಯೇ ಇದೆ. ಅವರಲ್ಲಿ ಎಸಿಎಲ್ ಗಾಯ ಗಂಡಸರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಬಹಳ ಕಾಲ ಅದನ್ನು ದೇಹರಚನೆಯ ಮೇಲಷ್ಟೇ ಹೊರಿಸಿದರು. ಅವರಿಗೆ ಸಿಗುವ ಮೈದಾನ, ತರಬೇತಿ, ಗಂಡಸರ ಪಾದಕ್ಕೆಂದು ಮಾಡಿದ ಬೂಟು, ಇವುಗಳ ಮೇಲೆ ಗಮನ ಹರಿದದ್ದು ತೀರ ಈಚೆಗೆ. ಸ್ಪೇನಿನ ಅಲೆಕ್ಸಿಯಾ ಪುಟೆಯಾಸ್ 2022ರ ಯೂರೊ ಟೂರ್ನಿಯ ಮುನ್ನಾದಿನ ಎಡಮಂಡಿ ಕೆಡಿಸಿಕೊಂಡರು. ಹೆಚ್ಚುಕಡಿಮೆ ಹತ್ತು ತಿಂಗಳು ಬಿಟ್ಟು ಬಂದರು. 2023ರ ವಿಶ್ವಕಪ್ ಗೆದ್ದ ತಂಡದಲ್ಲಿದ್ದರೂ ಫೈನಲ್‌ನ ಬಹುಪಾಲು ಬೆಂಚಿನಲ್ಲೇ ಕಳೆದರು. 2024ರ ಮೇನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್‌ನ ಕೊನೆಯ ನಿಮಿಷಗಳಲ್ಲಿ ಇಳಿದು ಲಿಯೋನ್ ಎದುರು ಗೋಲು ಹೊಡೆದರು. 2025ರ ಯೂರೊ ಫೈನಲ್‌ಗೆ ಸ್ಪೇನ್ ಹೋದಾಗ ಮಧ್ಯಭಾಗದಲ್ಲಿ ಮತ್ತೆ ಅವರೇ. ಗಾಯದಿಂದ ಅಲ್ಲಿಗೆ ಮೂರು ವರ್ಷ. ಎರಡು ಬಾರಿ ಬಲಾನ್ ಡೋರ್ ಗೆದ್ದವರಿಗೂ ಅಷ್ಟು ಹಿಡಿಯಿತು.

ನಮ್ಮವರಲ್ಲಿ ಸಂದೇಶ್ ಜಿಂಗಾನ್ ಇದ್ದಾರೆ. 2019ರ ಅಕ್ಟೋಬರ್‌ನಲ್ಲಿ ಅಭ್ಯಾಸ ಪಂದ್ಯದಲ್ಲಿ ಎಸಿಎಲ್ ಹರಿದು ಇಡೀ ಐಎಸ್‌ಎಲ್ ಋತು ಹೋಯಿತು. ಮರಳಿ ಬಂದು ದೇಶದ ವರ್ಷದ ಆಟಗಾರ ಎನಿಸಿದರು. 2022ರಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಡುರಾಂಡ್ ಕಪ್ ಗೆದ್ದಾಗ ರಕ್ಷಣೆಯಲ್ಲಿದ್ದರು. 2024ರ ಜನವರಿಯಲ್ಲಿ ಏಷ್ಯಾ ಕಪ್ಪಿನಲ್ಲಿ ಸಿರಿಯಾ ಎದುರು ಮತ್ತೆ ಮಂಡಿ ಗಾಯ, ಮತ್ತೆ ತಿಂಗಳುಗಟ್ಟಲೆ ಹೊರಗೆ, ಮತ್ತೆ ಮೈದಾನಕ್ಕೆ.

ಜಿಂಗಾನ್ ಅವರ ಹಿಂದೆ ಕ್ಲಬ್ಬಿತ್ತು. ನನ್ನ ಬಳಿ ಬರುವ ಹುಡುಗ ಹಗಲು ಡೆಲಿವರಿ ಕೆಲಸ ಮಾಡಿ ಸಂಜೆ ಲೀಗ್ ಆಡುವವನು. ಸಾಲ ಮಾಡಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರುತ್ತಾನೆ, ಫಿಸಿಯೊಗೆ ಬರುವ ಹೊತ್ತಿಗೆ ದುಡ್ಡು ಮುಗಿದಿರುತ್ತದೆ. ಒಂದೆರಡು ತಿಂಗಳು ಬಂದು ನಿಲ್ಲಿಸುತ್ತಾನೆ. ವೈದ್ಯರು ಒಂದು ಗಂಟೆಯಲ್ಲಿ ಕೂರಿಸಿದ್ದು ವರ್ಷದ ಕೆಲಸದಿಂದ ಕಾಲಾಗಬೇಕು, ಆ ವರ್ಷಕ್ಕೆ ಯಾರೂ ಬಿಲ್ ಕಟ್ಟುವುದಿಲ್ಲ. ಅಂಥವರಿಗೆ ನಾನು ಮನೆಯಲ್ಲೇ ಮಾಡುವಂತೆ ಬರೆದುಕೊಡುತ್ತೇನೆ: ಕುರ್ಚಿಯಿಂದ ಒಂಟಿಕಾಲಲ್ಲಿ ಏಳುವುದು, ಮೆಟ್ಟಿಲಿಂದ ನಿಧಾನಕ್ಕೆ ಇಳಿಯುವುದು, ಬೆನ್ನಿಗೆ ಅಕ್ಕಿ ಚೀಲ ಹೊತ್ತು ಬಸ್ಕಿ. ತಿಂಗಳಿಗೊಮ್ಮೆ ಬಂದು ಜಿಗಿದು ಅಳೆಸಿಕೊಂಡು ಹೋಗು, ಅದಕ್ಕೆ ಹಣ ಬೇಡ ಎನ್ನುತ್ತೇನೆ.

ಇನ್ನು ಗಾಯವೇ ಆಗದವರಿಗೆ ಒಂದು ಮಾತು. ಫಿಫಾ ರೂಪಿಸಿದ '11 ಪ್ಲಸ್' ಎಂಬ ವಾರ್ಮಪ್ ಇದೆ. ಓಟ, ತೊಡೆಯ ಬಲ, ಒಂಟಿಕಾಲ ಸಮತೋಲ, ಸರಿಯಾಗಿ ಇಳಿಯುವ ಜಿಗಿತ, ಎಲ್ಲ ಸೇರಿ ಇಪ್ಪತ್ತು ನಿಮಿಷ. ಸಲಕರಣೆ ಬೇಡ, ಒಂದು ಚೆಂಡು ಸಾಕು. ವಾರಕ್ಕೆ ಎರಡು ಮೂರು ಸಲ ಬಿಡದೆ ಮಾಡಿದ ತಂಡಗಳಲ್ಲಿ ಗಾಯಗಳು ಗಣನೀಯವಾಗಿ ಇಳಿದಿವೆ. ಶಾಲೆಯ ಪಿ.ಟಿ. ಮೇಷ್ಟ್ರೂ ಒಂದೆರಡು ಸಂಜೆಯಲ್ಲಿ ಕಲಿಯಬಹುದು. ನಮ್ಮ ಕಡೆಯ ಕೆಲವು ತಂಡಗಳು ಈಗ ಮಾಡುತ್ತಿವೆ. ಇನ್ನುಳಿದ ತಂಡದವರು ಕರೆದರೆ ನಾನೇ ಮೈದಾನಕ್ಕೆ ಬಂದು ಹೇಳಿಕೊಡುತ್ತೇನೆ, ಹುಡುಗಿಯರ ತಂಡಗಳಿಗೆ ಮೊದಲು.