ಅರಗಿನ ಹೊಳಪು

ಬಣ್ಣವೆಂದೊಡನೆ ಕುಂಚವನ್ನು ನೆನೆಯುವ ನಮಗೆ ಚನ್ನಪಟ್ಟಣದ ಬೊಂಬೆ ಹೊಸ ಪಾಠವೊಂದನ್ನು ಹೇಳುತ್ತದೆ. ಬೆಳ್ಳನೆಯ ಹಾಲೆಮರವನ್ನು ಮೊದಲು ಚೆನ್ನಾಗಿ ಒಣಗಿಸಬೇಕು. ಹಸಿ ಉಳಿದರೆ ಮುಂದೆ ಮರ ಬಿರಿಯುವುದುಂಟು. ಕಡೆದು ನುಣುಪಾದ ಮರವು ಯಂತ್ರದಲ್ಲಿ ತಿರುಗುತ್ತಿರುವಾಗಲೇ ಕುಶಲಕರ್ಮಿಯು ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾನೆ. ಘರ್ಷಣೆಯ ಕಾವಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ತಾಳೆಗರಿಯಿಂದ ತೀಡಿದರೆ ಬಣ್ಣವು ಸಮನಾಗಿ ಹರಡಿ ಮಿರುಗತೊಡಗುತ್ತದೆ. ಎಷ್ಟು ಒತ್ತಬೇಕೆಂಬುದನ್ನು ಯಾವ ಅಳತೆಗೋಲೂ ತಿಳಿಸದು; ಅದನ್ನು ಅಂಗೈಯೇ ಬಲ್ಲುದು.

ಈ ಬೊಂಬೆಗಳ ಹೆಸರಿಗೆ 2005–06ನೆಯ ಸಾಲಿನಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಕಾನೂನು ಹೆಸರನ್ನು ಕಾಯಬಹುದು. ಆದರೆ ಅಂಗೈಯ ಆ ಅರಿವು ಉಳಿಯಬೇಕಾದರೆ, ಅದನ್ನು ಕಲಿಯಲು ಎಳೆಯ ಕೈಗಳು ಮುಂದೆ ಬರಬೇಕು. ಬಂದ ಕೈಗಳಿಗೆ ಹೊಟ್ಟೆ ತುಂಬುವಷ್ಟು ಕೂಲಿಯೂ ದೊರೆಯಬೇಕು.