ಬಾಘ್ ಸ್ತರಗಳ ಕಡಲಜೀವಿಗಳು: ನರ್ಮದಾ ಕಣಿವೆಯ ಪ್ರಾಚೀನ ಒಳನಾಡ ಸಮುದ್ರ

ಮಧ್ಯಪ್ರದೇಶದ ಧಾರ್ ಜಿಲ್ಲೆಯ ಬಾಘ್ ಎಂಬ ಊರು ಕಲಾಸಕ್ತರಿಗೆ ಪರಿಚಿತವಾಗಿರುವುದು ಅಲ್ಲಿನ ಬೌದ್ಧ ಗುಹೆಗಳ ಭಿತ್ತಿಚಿತ್ರಗಳಿಂದ. ಗುಹೆಗಳನ್ನು ಕೊರೆದಿರುವುದು ನಿಮಾರ್ ಮರಳುಗಲ್ಲಿನಲ್ಲಿ. ಆ ಮರಳುಗಲ್ಲಿನ ಮೇಲೆ ಹೆಚ್ಚು ದಪ್ಪವಿಲ್ಲದ ಸುಣ್ಣಕಲ್ಲಿನ ಪದರಗಳು ಹರಡಿವೆ. ಇಂದಿನ ಕಡಲ ದಂಡೆಯಿಂದ ಸುಮಾರು 200 ಕಿ.ಮೀ. ಒಳಗಿರುವ ಈ ಪದರಗಳಲ್ಲಿ ಸಿಂಪಿ, ಕಡಲ ಅರ್ಚಿನ್, ಅಮ್ಮೊನೈಟ್ ಮೊದಲಾದ ಸಮುದ್ರಜೀವಿಗಳ ಪಳೆಯುಳಿಕೆಗಳು ದಟ್ಟವಾಗಿವೆ. ಭೂವಿಜ್ಞಾನದಲ್ಲಿ ಇವು ಬಾಘ್ ಸ್ತರಗಳೆಂದು ಪ್ರಸಿದ್ಧ.

ಕ್ರಿಟೇಷಿಯಸ್ ಯುಗದ ಮಧ್ಯಭಾಗದಲ್ಲಿ ಜಗತ್ತಿನಾದ್ಯಂತ ಕಡಲಮಟ್ಟ ಬಹಳ ಮೇಲಿತ್ತು. ನರ್ಮದೆಯ ಕಣಿವೆಯಾದರೋ ಭೂಚಿಪ್ಪಿನ ಪುರಾತನ ಬಿರುಕಿನ ಗೆರೆ. ನೆಲ ಕುಸಿದ ಆ ತಗ್ಗಿನಲ್ಲಿ ಪಶ್ಚಿಮದ ಕಡಲು ಒಳನುಗ್ಗಿತು. ಒಳನಾಡ ಸಮುದ್ರವೆಂಬುದು ರೂಢಿಯ ಮಾತು. ಪಶ್ಚಿಮಕ್ಕೆ ಬಾಯ್ದೆರೆದ, ಆಳವಿಲ್ಲದ ನೀಳ ಕೊಲ್ಲಿಯೆಂಬುದೇ ಹೆಚ್ಚು ಸರಿ. ನಿಮಾರ್ ಮರಳುಗಲ್ಲಿನ ಕೆಳಭಾಗ ನದಿ ತಂದ ಮರಳು, ಮೇಲ್ಭಾಗದಲ್ಲಿ ಸಿಂಪಿಗಳು ಕಾಣತೊಡಗುತ್ತವೆ. ಅದರ ಮೇಲೆ ಗಂಟುಗಂಟಾದ ಸುಣ್ಣಕಲ್ಲು, ನಡುವೆ ಜೇಡಿ ಬೆರೆತ ತೆಳುವಾದ ಪದರ, ಅನಂತರ 'ಹವಳದ ಸುಣ್ಣಕಲ್ಲು' ಎಂದು ಹೆಸರು ಪಡೆದ ಕಲ್ಲು. ಈ ಹೆಸರು ತಪ್ಪು. ಅದರಲ್ಲಿ ತುಂಬಿರುವುದು ಹವಳವಲ್ಲ. ಗುಂಪುಗೂಡಿ ಬಾಳುವ, ಕವಲುಕವಲಾಗಿ ಬೆಳೆಯುವ ಬ್ರಯೋಜೋವ ಎಂಬ ಸೂಕ್ಷ್ಮಜೀವಿಗಳ ಗೂಡಿನ ಚೂರುಗಳು. ಅಲೆಗಳು ಮುರಿದು ಗುಡ್ಡೆಹಾಕಿದ ರಾಶಿಯೇ ಇಲ್ಲಿ ಕಲ್ಲಾಗಿದೆ. ಆದರೂ ಒಂದೂವರೆ ಶತಮಾನದಿಂದ ಹಳೆಯ ಹೆಸರೇ ನಿಂತುಬಿಟ್ಟಿದೆ.

ಈ ಸಮುದ್ರದ ಕಾಲ ಹಾಗೂ ದಿಕ್ಕುಗಳ ಚರ್ಚೆ 1865ರಷ್ಟು ಹಳೆಯದು. ಇಂಗ್ಲೆಂಡಿನ ಪೀಟರ್ ಮಾರ್ಟಿನ್ ಡಂಕನ್ ಆ ವರ್ಷ ಬಾಘ್‌ನ ಕಂಟಕಚರ್ಮಿಗಳನ್ನು ಆಗ್ನೇಯ ಅರೇಬಿಯದವುಗಳೊಡನೆ ಒಂದೇ ಪ್ರಬಂಧದಲ್ಲಿ ವಿವರಿಸಿದರು. 1869ರಲ್ಲಿ ಡಬ್ಲ್ಯೂ. ಟಿ. ಬ್ಲಾನ್‌ಫರ್ಡ್ ತಪತಿ ಮತ್ತು ಕೆಳ ನರ್ಮದೆಯ ಭೂರಚನೆಯನ್ನು ವಿಸ್ತಾರವಾಗಿ ದಾಖಲಿಸಿದರು. ಬಾಘ್‌ನ ಜೀವಿಗಳು ಅರೇಬಿಯ, ಯೂರೋಪುಗಳ ಜೀವಿಗಳನ್ನು ಹೋಲುತ್ತವೆ, ತಿರುಚಿನಾಪಳ್ಳಿಯವನ್ನು ಹೋಲುವುದಿಲ್ಲ. ಆದುದರಿಂದ ಎರಡು ಕಡಲುಗಳ ನಡುವೆ ನೆಲದ ಅಡ್ಡಗೋಡೆ ಇದ್ದಿರಬೇಕೆಂಬ ವಾದ ಇದರಿಂದ ಬೆಳೆಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅರ್ನೆಸ್ಟ್ ವ್ರೆಡೆನ್‌ಬರ್ಗ್ ಇಲ್ಲಿಯ ಅಮ್ಮೊನೈಟ್‌ಗಳನ್ನು ವರ್ಣಿಸಿದ ಮೇಲೆ ವಾದ ಸಡಿಲವಾಯಿತು. ಅವು ಸೇರುವ ಪ್ಲಾಸೆಂಟಿಸೆರಾಸ್ ಕುಲ ತಮಿಳುನಾಡಿನ ಸ್ತರಗಳಲ್ಲೂ ಉಂಟು. ಸಾಲಿಗ್ರಾಮದ ಚಕ್ರವೂ ಅಮ್ಮೊನೈಟ್‌ನ ಅಚ್ಚೇ ಎಂಬುದನ್ನು ಇಲ್ಲಿ ನೆನೆಯಬಹುದು. ಆದರೆ ಗಂಡಕಿಯ ಆ ಶಿಲೆ ಇದಕ್ಕಿಂತ ಹಳೆಯದು, ಬೇರೊಂದು ಕಡಲಿನದು.

ಎರಡು ಸಾಕ್ಷ್ಯಗಳು ಹೀಗೆ ಬೇರೆ ದಿಕ್ಕಿಗೆ ಎಳೆಯುವುದರಲ್ಲಿ ಆಶ್ಚರ್ಯವಿಲ್ಲ. ಅರ್ಚಿನ್ ತಳದಲ್ಲಿ ಹರಿದಾಡುವ ಜೀವಿ. ತಳದ ಕೆಸರು, ನೀರಿನ ಆಳ ಬದಲಾದರೆ ಅದರ ಜಾತಿಯೂ ಬದಲಾಗುತ್ತದೆ. ಅಮ್ಮೊನೈಟ್ ಈಜುವ ಜೀವಿ. ಸತ್ತ ಮೇಲೂ ಅದರ ಗಾಳಿಗೂಡುಗಳುಳ್ಳ ಚಿಪ್ಪು ತೇಲಿ ದೂರ ಹೋಗಬಲ್ಲದು. ಆದಕಾರಣ ಅರ್ಚಿನ್‌ಗಳ ಭೇದವೊಂದರಿಂದಲೇ ಗೋಡೆಯನ್ನು ಸಾಧಿಸುವುದು ನನ್ನ ದೃಷ್ಟಿಯಲ್ಲಿ ಅವಸರದ ತೀರ್ಮಾನ. ಕಾಲನಿರ್ಣಯಕ್ಕೆ ಮಾತ್ರ ಅಮ್ಮೊನೈಟೇ ಹೆಚ್ಚು ನಂಬಲರ್ಹ. ಅದರ ಆಧಾರದಿಂದ ಇಂದು ಸುಣ್ಣಕಲ್ಲುಗಳನ್ನು ಟ್ಯೂರೋನಿಯನ್ ಹಾಗೂ ಕೊನಿಯೇಷಿಯನ್ ಹಂತಗಳಿಗೆ, ಅಂದರೆ ಸುಮಾರು 9.4ರಿಂದ 8.6 ಕೋಟಿ ವರ್ಷಗಳ ಹಿಂದಕ್ಕೆ, ಸೇರಿಸಲಾಗುತ್ತದೆ. ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲವೂ ಇದೇ. ಮಲ್ಪೆಯ ಸೇಂಟ್ ಮೇರಿ ದ್ವೀಪಗಳ ಲಾವಾಶಿಲೆ ಹೆಚ್ಚುಕಡಿಮೆ ಈ ಸುಣ್ಣಕಲ್ಲುಗಳ ಸಮಕಾಲೀನ.

1930ರ ದಶಕದಿಂದ ಜಿ. ಡಬ್ಲ್ಯೂ. ಚಿಪ್ಳೂಣ್‌ಕರ್ ಈ ಜೀವಿಗಳ ಅಧ್ಯಯನವನ್ನು ವರ್ಗವರ್ಗವಾಗಿ ಮುಂದುವರಿಸಿದರು. ತೊಡಕು ಇರುವುದು ಸಂಗ್ರಹದ ರೀತಿಯಲ್ಲಿ. ಗಂಟು ಸುಣ್ಣಕಲ್ಲಿನದೋ, ಜೇಡಿ ಪದರದ್ದೋ, ಅದರ ಮೇಲಿನದೋ ಎಂದು ಗುರುತು ಹಾಕದೆ 'ಬಾಘ್' ಎಂದಷ್ಟೇ ಬರೆದಿಟ್ಟ ಮಾದರಿಯಿಂದ ಕಾಲವನ್ನಾಗಲಿ ದಿಕ್ಕನ್ನಾಗಲಿ ಹೇಳಲಾಗದು. ಕೆಲವೇ ಮೀಟರುಗಳಲ್ಲಿ ಲಕ್ಷಾಂತರ ವರ್ಷಗಳು ಅಡಕವಾಗಿರುವಾಗ ಒಂದು ಗೇಣಿನ ಅಂತರವೂ ಮುಖ್ಯ. ಅದೇ ಜಿಲ್ಲೆಯ ಲಾಮೆಟಾ ಸ್ತರಗಳಲ್ಲಿ 92 ಗೂಡುಗಳೂ 256 ಡೈನೋಸಾರ್ ಮೊಟ್ಟೆಗಳೂ ದೊರೆತ ವರದಿ 2023ರಲ್ಲಿ ಪ್ರಕಟವಾದಾಗ ಸಾರ್ವಜನಿಕರ ಕುತೂಹಲವೆಲ್ಲ ಅತ್ತ ಹರಿಯಿತು. ಲಾಮೆಟಾ ನೆಲದ ನಿಕ್ಷೇಪ, ಕಡಲು ಹಿಂದೆಗೆದ ಮೇಲಿನದು. ಅದರ ಮೇಲೆ 6.6 ಕೋಟಿ ವರ್ಷಗಳ ಹಿಂದಿನ ದಖ್ಖನ್ ಬಸಾಲ್ಟ್ ಹಾಸಿಕೊಂಡಿದೆ; ನಮ್ಮ ಬೆಳಗಾವಿ, ವಿಜಯಪುರಗಳ ಕಪ್ಪುಕಲ್ಲೂ ಅದೇ. ನರ್ಮದೆಯೂ ಅದರ ಉಪನದಿಗಳೂ ಆ ಹೊದಿಕೆಯನ್ನು ಕೊರೆದಿರುವೆಡೆಯಲ್ಲಷ್ಟೇ ಕೆಳಗಿನ ಸಿಂಪಿ, ಅರ್ಚಿನ್‌ಗಳು ಬೆಳಕಿಗೆ ಬಂದಿವೆ.